ಮಡಿದ ನಾಯಕರ ಮೇಲಿನ ಬೇಹುಗಾರಿಕೆ ಕಡತ ಯಾರ ಸ್ವತ್ತು?

ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಹಿರಿಯರ ನೆನಪಿನಲ್ಲಿ 1978ರ ನವೆಂಬರ್ ತಿಂಗಳು ಇಂದಿಗೂ ಮಾಸಿಲ್ಲ. ಹಿಂದಿನ ವರ್ಷ ರಾಯ್ ಬರೇಲಿಯಲ್ಲಿ ಸೋತು ಅಧಿಕಾರ ಕಳೆದುಕೊಂಡಿದ್ದ ಇಂದಿರಾ ಗಾಂಧಿ ಅವರು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ನಿಂತರು. ಅವರಿಗಾಗಿ ಡಿ.ಬಿ. ಚಂದ್ರೇಗೌಡರು ಸ್ಥಾನ ತೆರವು ಮಾಡಿದ್ದರು. ಜನತಾ ಪಕ್ಷ ವೀರೇಂದ್ರ ಪಾಟೀಲರನ್ನು ಕಣಕ್ಕಿಳಿಸಿತು. ಕೇಂದ್ರ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಎದುರಾಳಿ ಪಾಳೆಯದ ಪ್ರಚಾರದ ಮುಂಚೂಣಿಯಲ್ಲಿದ್ದರು. ನವೆಂಬರ್ 5ರಂದು ಮತದಾನ ನಡೆದು, ಇಂದಿರಾ ಅವರು 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಅದೇ ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಅವರನ್ನು ಉಚ್ಚಾಟಿಸಿತು. ಅವರು ಒಂದು ವಾರ ತಿಹಾರ್ ಜೈಲಿನಲ್ಲಿ ಕಳೆಯಬೇಕಾಯಿತು. ಆ ಉಚ್ಚಾಟನೆಯ ನಿರ್ಣಯವನ್ನು 1981ರಲ್ಲಿ ಲೋಕಸಭೆಯೇ ರದ್ದುಪಡಿಸಿತು.

ಇವೆಲ್ಲ ಪತ್ರಿಕೆಗಳಲ್ಲಿ ಬಂದ, ಪುಸ್ತಕಗಳಲ್ಲಿ ದಾಖಲಾದ ಸಂಗತಿಗಳು. ಆದರೆ ಅದೇ ಚುನಾವಣೆಗೆ ಸರ್ಕಾರಿ ಕಪಾಟುಗಳಲ್ಲಿ ಇನ್ನೊಂದು ಚರಿತ್ರೆ ಇರುವುದು ಸಹಜ. ಮಾಜಿ ಪ್ರಧಾನಿಯೊಬ್ಬರು ಹಳ್ಳಿಹಳ್ಳಿ ಸುತ್ತುವಾಗ ಅವರ ಸಭೆಗೆ ಎಷ್ಟು ಜನ ಸೇರಿದರು, ವೇದಿಕೆಯ ಮೇಲೆ ಯಾರಿದ್ದರು, ಯಾರ ಮನೆಯಲ್ಲಿ ಮಾತುಕತೆ ನಡೆಯಿತು ಎಂಬುದನ್ನು ಪೊಲೀಸರ ವಿಶೇಷ ಶಾಖೆ ಬರೆದು ಮೇಲಕ್ಕೆ ಕಳುಹಿಸುವುದು ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಆ ಚುನಾವಣೆಯ ಪ್ರಮುಖ ಪಾತ್ರಧಾರಿಗಳು ಒಬ್ಬೊಬ್ಬರಾಗಿ ತೆರಳಿದ್ದಾರೆ. ದೇವರಾಜ ಅರಸು 1982ರಲ್ಲಿ, ಇಂದಿರಾ ಗಾಂಧಿ 1984ರಲ್ಲಿ, ವೀರೇಂದ್ರ ಪಾಟೀಲ 1997ರಲ್ಲಿ, ಜಾರ್ಜ್ ಫರ್ನಾಂಡಿಸ್ 2019ರಲ್ಲಿ, ಚಂದ್ರೇಗೌಡ 2023ರಲ್ಲಿ ನಿಧನರಾದರು. ಹಾಗಾದರೆ ಅವರ ಮೇಲೆ ಇಟ್ಟಿದ್ದ ಕಣ್ಣಿನ ದಾಖಲೆಗಳನ್ನು ಇಂದು ನಾಗರಿಕನೊಬ್ಬ ಕೇಳಬಹುದೇ? ಕೇಳಿದರೆ ಸರ್ಕಾರ ಕೊಡಬೇಕೇ?

ಎರಡು ಸರ್ಕಾರ, ಎರಡು ಕಣ್ಣು

1978ರ ಉಪಚುನಾವಣೆ ಈ ಪ್ರಶ್ನೆಗೆ ವಿಶೇಷ ಮಹತ್ವ ತಂದುಕೊಡುತ್ತದೆ. ಬೆಂಗಳೂರಿನಲ್ಲಿ ಆಗ ದೇವರಾಜ ಅರಸರ ಸರ್ಕಾರವಿತ್ತು; ಅವರು ಇಂದಿರಾ ಅವರ ಪಕ್ಷದವರೇ. ದೆಹಲಿಯಲ್ಲಿ ಮೊರಾರ್ಜಿ ದೇಸಾಯಿ ಅವರ ಜನತಾ ಸರ್ಕಾರವಿತ್ತು. ಇಂದಿರಾ ಅವರ ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರೇ ಅಲ್ಲಿ ಸಚಿವರು. ರಾಜ್ಯ ಪೊಲೀಸರ ವಿಶೇಷ ಶಾಖೆ ಒಬ್ಬರ ಕೈಯಲ್ಲಿತ್ತು, ಕೇಂದ್ರದ ಗುಪ್ತಚರ ದಳ ಮತ್ತೊಬ್ಬರ ಕೈಯಲ್ಲಿತ್ತು. ಒಂದೇ ಸಭೆಯನ್ನು ಈ ಎರಡು ಕಣ್ಣುಗಳು ಹೇಗೆ ಕಂಡವು, ಎರಡರಲ್ಲಿ ಯಾವುದು ಭದ್ರತೆಯ ಗಡಿ ದಾಟಿ ರಾಜಕೀಯದ ಕೆಲಸಕ್ಕೆ ಇಳಿಯಿತು ಎಂಬುದನ್ನು ಪರಿಶೀಲಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ರಾಜ್ಯದ ಇತಿಹಾಸದಲ್ಲಿ ಸಿಗುವುದು ಕಷ್ಟ.

ಗುಪ್ತಚರ ಯಂತ್ರ ಆಳುವವರ ರಾಜಕೀಯಕ್ಕೆ ಬಳಕೆಯಾಗುತ್ತದೆ ಎಂಬ ಆರೋಪ ಕರ್ನಾಟಕಕ್ಕೆ ಹೊಸದಲ್ಲ. ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 2019ರ ಆಗಸ್ಟ್‌ನಲ್ಲಿ ಮತ್ತೊಂದು ಕದ್ದಾಲಿಕೆ ಆರೋಪ ಕೇಳಿಬಂದು, ಯಡಿಯೂರಪ್ಪ ಸರ್ಕಾರ ಅದರ ತನಿಖೆಯನ್ನು ಸಿಬಿಐಗೆ ವಹಿಸಿತು. ಪ್ರತಿ ಬಾರಿಯೂ ಗದ್ದಲವೆದ್ದು ತಣ್ಣಗಾಯಿತು. ಮೂಲ ಕಡತಗಳು ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ. ಬದುಕಿರುವವರ ಕಡತ ಕೇಳಿದರೆ ತನಿಖೆ, ಖಾಸಗಿತನ, ಭದ್ರತೆ ಎಂಬ ಉತ್ತರ ಸಿದ್ಧವಿರುತ್ತದೆ. ಮಡಿದವರ ಹಳೆಯ ಕಡತದ ವಿಷಯದಲ್ಲಿ ಈ ಮೂರೂ ಕಾರಣಗಳ ಬಲ ಕುಗ್ಗುತ್ತದೆ. ಆದ್ದರಿಂದಲೇ ಈ ಯಂತ್ರದ ಒಳಗನ್ನು ನೋಡಲು ನಾಗರಿಕನಿಗಿರುವ ಬಾಗಿಲು ಬಹುಶಃ ಅದೊಂದೇ.

ಕಾನೂನು ಹೇಳುವುದೇನು?

2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಮೊದಲ ಅಡ್ಡಗೋಡೆ. ಗುಪ್ತಚರ ದಳ, ರಾ ಮೊದಲಾದ ಕೇಂದ್ರ ಸಂಸ್ಥೆಗಳನ್ನು ಎರಡನೇ ಅನುಸೂಚಿಯಲ್ಲಿ ಸೇರಿಸಿ, ಕಾಯ್ದೆಯ ವ್ಯಾಪ್ತಿಯಿಂದಲೇ ಅವನ್ನು ಹೊರಗಿಡಲಾಗಿದೆ. ಅದೇ ಸೆಕ್ಷನ್ನಿನ 4ನೇ ಉಪವಿಭಾಗ ರಾಜ್ಯ ಸರ್ಕಾರಗಳಿಗೂ ತಮ್ಮ ಗುಪ್ತಚರ ಮತ್ತು ಭದ್ರತಾ ಘಟಕಗಳಿಗೆ ಅಧಿಸೂಚನೆಯ ಮೂಲಕ ವಿನಾಯಿತಿ ಕೊಡುವ ಅಧಿಕಾರ ನೀಡಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ ಮಾತ್ರ ಈ ವಿನಾಯಿತಿ ಅನ್ವಯಿಸದು. ಮಾನವ ಹಕ್ಕುಗಳ ವಿಷಯವಾದರೆ ಮಾಹಿತಿ ಆಯೋಗದ ಒಪ್ಪಿಗೆ ಪಡೆದು 45 ದಿನಗಳಲ್ಲಿ ಮಾಹಿತಿ ಕೊಡಬೇಕು.

ಎರಡನೆಯದು 8ನೇ ಸೆಕ್ಷನ್. ದೇಶದ ಸಾರ್ವಭೌಮತೆ, ಭದ್ರತೆ, ವಿದೇಶಗಳೊಡನೆ ಸಂಬಂಧ, ಬಾತ್ಮೀದಾರರ ಸುರಕ್ಷತೆ, ನಡೆಯುತ್ತಿರುವ ತನಿಖೆ, ವೈಯಕ್ತಿಕ ಮಾಹಿತಿ ಮೊದಲಾದ ಕಾರಣಗಳಿಗೆ ಮಾಹಿತಿ ನಿರಾಕರಿಸಲು ಅದು ಅವಕಾಶ ಕೊಡುತ್ತದೆ. ಆದರೆ ಅದೇ ಸೆಕ್ಷನ್ನಿನ 3ನೇ ಉಪವಿಭಾಗ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಮಹತ್ವದ ಮಾತು ಹೇಳುತ್ತದೆ. ಅರ್ಜಿ ಸಲ್ಲಿಸುವ ದಿನಕ್ಕೆ 20 ವರ್ಷ ಹಿಂದೆ ನಡೆದ ಘಟನೆಗೆ ಸಂಬಂಧಿಸಿದ ಮಾಹಿತಿಯನ್ನು ಮೂರು ಕಾರಣಗಳಿಗೆ ಮಾತ್ರ ತಡೆಯಬಹುದು: ದೇಶದ ಭದ್ರತೆ ಮತ್ತು ವಿದೇಶ ಸಂಬಂಧ, ಶಾಸನಸಭೆಯ ಹಕ್ಕುಬಾಧ್ಯತೆ, ಸಚಿವ ಸಂಪುಟದ ಕಾಗದಪತ್ರ. ಉಳಿದ ಯಾವ ಕಾರಣವೂ 20 ವರ್ಷದ ನಂತರ ನಿಲ್ಲದು.

ಈ ಅಂಶಕ್ಕೆ ಈಗ ಹೆಚ್ಚಿನ ಮಹತ್ವ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿಗೆ ತಿದ್ದುಪಡಿ ತಂದಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂದಿತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಯಬಹುದೆಂಬ ಹಳೆಯ ಷರತ್ತು ಹೋಗಿ, ‘ವೈಯಕ್ತಿಕ ಮಾಹಿತಿ’ ಎಂಬ ಒಂದೇ ಕಾರಣ ಸಾಕೆಂಬಂತಾಯಿತು. ಮಾಹಿತಿ ಹಕ್ಕು ಕಾರ್ಯಕರ್ತರು ಇದನ್ನು ತೀವ್ರವಾಗಿ ವಿರೋಧಿಸಿದ್ದಾರೆ. ಆದರೆ 8(2)ರ ಸಾರ್ವಜನಿಕ ಹಿತಾಸಕ್ತಿಯ ಕಲಮು ಮತ್ತು 8(3)ರ 20 ವರ್ಷದ ಕಲಮು ಹಾಗೆಯೇ ಉಳಿದಿವೆ. ಹೀಗಾಗಿ 1978ರ ದಾಖಲೆಗೆ ಅರ್ಜಿ ಹಾಕಿದವನಿಗೆ ‘ಇದು ವೈಯಕ್ತಿಕ ಮಾಹಿತಿ’ ಎಂದು ಹಿಂಬರಹ ಕೊಟ್ಟು ಕಳುಹಿಸುವುದು ಕಾನೂನಿನ ಮುಂದೆ ನಿಲ್ಲಲಾರದು.

ಮೃತರ ಖಾಸಗಿತನದ ಪ್ರಶ್ನೆಯೂ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ ತೀರ್ಪಿಗೆ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೆ ಆ ಹಕ್ಕು ವ್ಯಕ್ತಿಯೊಡನೆಯೇ ಕೊನೆಗೊಳ್ಳುತ್ತದೆ, ವಾರಸುದಾರರಿಗೆ ಆಸ್ತಿಯಂತೆ ದಾಟುವುದಿಲ್ಲ ಎಂಬುದು ಜಯಲಲಿತಾ ಜೀವನಚಿತ್ರದ ವ್ಯಾಜ್ಯದಲ್ಲಿ 2021ರಲ್ಲಿ ಮದ್ರಾಸ್ ಹೈಕೋರ್ಟ್ ತಳೆದ ನಿಲುವು. ಕಡತದಲ್ಲಿ ಹೆಸರಿರುವ ನಾಯಕರು ತೀರಿಕೊಂಡಿದ್ದಾರೆ ಎಂಬುದೇ ಅರ್ಜಿದಾರನಿಗೆ ಒಂದು ವಾದ.

ನೇತಾಜಿ ಪ್ರಕರಣದ ಪಾಠ

ಮಡಿದ ನಾಯಕರೊಬ್ಬರಿಗೆ ಸಂಬಂಧಿಸಿದ ಬೇಹುಗಾರಿಕೆ ಕಡತಗಳು ಹೊರಬಂದ ಅತಿ ದೊಡ್ಡ ಭಾರತೀಯ ನಿದರ್ಶನ ಸುಭಾಷ್‌ಚಂದ್ರ ಬೋಸ್ ಅವರದು. ಅವರ ಅಣ್ಣನ ಮಕ್ಕಳಾದ ಶಿಶಿರ್ ಕುಮಾರ್ ಬೋಸ್ ಮತ್ತು ಅಮಿಯ ನಾಥ್ ಬೋಸ್ ಅವರ ಮೇಲೆ ಗುಪ್ತಚರ ದಳ 1948ರಿಂದ 1968ರವರೆಗೆ ನಿಗಾ ಇಟ್ಟಿತ್ತು, ಅವರ ಪತ್ರಗಳನ್ನು ತೆರೆದು ಓದುತ್ತಿತ್ತು ಎಂಬ ಸಂಗತಿ 2015ರ ಏಪ್ರಿಲ್‌ನಲ್ಲಿ ಬಯಲಾಯಿತು. ಅದು ಬಯಲಾದದ್ದು ದೆಹಲಿಯ ರಾಷ್ಟ್ರೀಯ ಪತ್ರಾಗಾರ ಸೇರಿದ್ದ ಹಳೆಯ ಕಡತಗಳಿಂದ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಬಂಗಾಳ ಸರ್ಕಾರ ತನ್ನ ಬಳಿಯಿದ್ದ 64 ಕಡತಗಳನ್ನು ಬಹಿರಂಗಗೊಳಿಸಿತು. 2016ರ ಜನವರಿ 23ರಂದು ಕೇಂದ್ರ ಸರ್ಕಾರ 100 ಕಡತಗಳ ಮೊದಲ ಕಂತನ್ನು ಹೊರಗಿಟ್ಟಿತು.

ಇದರಿಂದ ಕಲಿಯಬೇಕಾದ ಪಾಠ ಎರಡು. ಗುಪ್ತಚರ ದಳದ ಬಾಗಿಲು ಮುಚ್ಚಿದ್ದರೂ ಅದರ ಕಾಗದ ಬೇರೆ ಕಚೇರಿಗೆ ಹೋಗಿದ್ದರೆ ಆ ಕಚೇರಿಯ ಬಾಗಿಲು ತೆರೆದಿರುತ್ತದೆ. ಪತ್ರಾಗಾರ 24ನೇ ಸೆಕ್ಷನ್ನಿನ ಪಟ್ಟಿಯಲ್ಲಿ ಇಲ್ಲ. ಎರಡನೆಯದಾಗಿ, ಇಷ್ಟು ಕಡತಗಳು ಹೊರಬಂದರೂ ದೇಶದ ಭದ್ರತೆಗೆ ಕುಂದು ಬರಲಿಲ್ಲ. ದಶಕಗಳ ಕಾಲ ಮುಂದಿಟ್ಟಿದ್ದ ಆತಂಕ ಎಷ್ಟು ಪೊಳ್ಳು ಎಂಬುದು ಅದರಿಂದ ಸಾಬೀತಾಯಿತು.

ಅಮೆರಿಕದಲ್ಲಿ ಎಫ್‌ಬಿಐ ಕಡತ ಕೇಳುವವರು ಆ ವ್ಯಕ್ತಿ ಮೃತಪಟ್ಟಿರುವುದಕ್ಕೆ ಪುರಾವೆ ಲಗತ್ತಿಸಿದರೆ ಖಾಸಗಿತನದ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗುತ್ತದೆ; ಪತ್ರಿಕೆಯಲ್ಲಿ ಬಂದ ನಿಧನ ವಾರ್ತೆಯೂ ಪುರಾವೆಯಾಗಬಹುದು. 1968ರಲ್ಲಿ ಹತ್ಯೆಯಾದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಸಂಬಂಧಿಸಿದ 2 ಲಕ್ಷ 30 ಸಾವಿರಕ್ಕೂ ಹೆಚ್ಚು ಪುಟಗಳು 2025ರ ಜುಲೈನಲ್ಲಿ ಬಿಡುಗಡೆಯಾದವು. ಅವರ ಕುಟುಂಬ ಅದಕ್ಕೆ ಆಕ್ಷೇಪಿಸಿತ್ತು ಎಂಬುದನ್ನೂ ಮರೆಯಬಾರದು. ಕಿಂಗ್ ಅವರ ಹೆಸರು ಕೆಡಿಸಲೆಂದೇ ಎಫ್‌ಬಿಐ ಕಲೆಹಾಕಿದ್ದ ಕಾಗದಗಳು ಅವರ ಮರಣಾನಂತರವೂ ಅದೇ ಕೆಲಸಕ್ಕೆ ಬಳಕೆಯಾಗಬಹುದು ಎಂಬುದು ಕುಟುಂಬದ ಅಳಲು. ಪೂರ್ವ ಜರ್ಮನಿಯ ಸ್ಟಾಸಿ ದಾಖಲೆಗಳಿಗೆ 1991ರಲ್ಲಿ ಪ್ರತ್ಯೇಕ ಕಾಯ್ದೆಯೇ ಆಯಿತು. ನಿಗಾಕ್ಕೆ ಒಳಗಾದವರು ತಮ್ಮ ಕಡತ ನೋಡಬಹುದು, ಹತ್ತಿರದ ಬಂಧುಗಳು ಮೃತರ ಕಡತಕ್ಕೆ ನಿರ್ದಿಷ್ಟ ಕಾರಣಗಳಿಗೆ ಅರ್ಜಿ ಹಾಕಬಹುದು, ಸಂಶೋಧಕರಿಗೂ ಪ್ರವೇಶವಿದೆ. ಭಾರತದಲ್ಲಿ ಇಂಥ ಪ್ರತ್ಯೇಕ ವ್ಯವಸ್ಥೆ ಇಲ್ಲ. ಇಲ್ಲಿ ಮಾಹಿತಿ ಹಕ್ಕಿನ ಸಾಮಾನ್ಯ ಅರ್ಜಿಯೇ ಗತಿ.

ಅರ್ಜಿ ಯಾರಿಗೆ, ಹೇಗೆ?

ಬೆಂಗಳೂರಿನ ಗುಪ್ತಚರ ವಿಭಾಗಕ್ಕೆ ನೇರವಾಗಿ ಅರ್ಜಿ ಹಾಕಿದರೆ 24ನೇ ಸೆಕ್ಷನ್ನಿನ ಹೆಸರಿನಲ್ಲಿ ತಿರಸ್ಕಾರ ಬರುವ ಸಂಭವವೇ ಹೆಚ್ಚು. ಆದರೆ ಬೇಹುಗಾರಿಕೆಯ ವರದಿ ಒಂದೇ ಕಪಾಟಿನಲ್ಲಿ ಉಳಿಯುವುದಿಲ್ಲ. ಅದರ ಪ್ರತಿ ಜಿಲ್ಲಾಧಿಕಾರಿ ಕಚೇರಿಯ ಗೋಪ್ಯ ಶಾಖೆಗೆ, ಗೃಹ ಇಲಾಖೆಗೆ ಹೋಗುತ್ತದೆ. ಚುನಾವಣೆಯ ಬಂದೋಬಸ್ತಿನ ಕಾಗದಗಳು ಚುನಾವಣಾ ಶಾಖೆಯಲ್ಲೂ ಇರಬಹುದು. ಈ ಕಚೇರಿಗಳು ಗುಪ್ತಚರ ಸಂಸ್ಥೆಗಳಲ್ಲ.

ಅಜ್ಜಂಪುರ ಈಗ ಸ್ವತಂತ್ರ ತಾಲ್ಲೂಕು. 1978ರಲ್ಲಿ ಅದು ತರೀಕೆರೆ ತಾಲ್ಲೂಕಿನ ಭಾಗ. ಆದ್ದರಿಂದ ಅಲ್ಲಿನ ಹಳೆಯ ಕಾಗದವನ್ನು ತರೀಕೆರೆಯಲ್ಲೇ ಹುಡುಕಬೇಕಾಗುತ್ತದೆ. ಕ್ಷೇತ್ರ ಪುನರ್ವಿಂಗಡಣೆಯ ನಂತರ ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿತು, ತರೀಕೆರೆ ಉಡುಪಿ–ಚಿಕ್ಕಮಗಳೂರು ಕ್ಷೇತ್ರದಲ್ಲಿ ಉಳಿಯಿತು. ಆದರೂ ಎರಡೂ ಚಿಕ್ಕಮಗಳೂರು ಜಿಲ್ಲೆಗೇ ಸೇರಿದವು. ಇನ್ನೂ ಹಿಂದಕ್ಕೆ ಹೋಗಿ ಸ್ವಾತಂತ್ರ್ಯ ಹೋರಾಟಗಾರರ ಮೇಲಿನ ನಿಗಾ ದಾಖಲೆ ಹುಡುಕುವವರಿಗೆ ಮತ್ತೊಂದು ಸೂಕ್ಷ್ಮ ತಿಳಿದಿರಬೇಕು. 1947ರವರೆಗೆ ಈ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಮೈಸೂರು ಸಂಸ್ಥಾನದ ಕಡತಗಳನ್ನು ‘ಚಿಕ್ಕಮಗಳೂರು’ ಎಂಬ ಶೀರ್ಷಿಕೆಯಲ್ಲಷ್ಟೇ ಹುಡುಕಿ ಬರಿಗೈಯಲ್ಲಿ ಮರಳಬಾರದು. ಅರ್ಜಿ ತಪ್ಪು ಕಚೇರಿಗೆ ಹೋದರೂ ಅದನ್ನು ಸರಿಯಾದ ಕಚೇರಿಗೆ 5 ದಿನಗಳೊಳಗೆ ವರ್ಗಾಯಿಸುವ ಹೊಣೆ 6(3)ರ ಪ್ರಕಾರ ಮೊದಲ ಕಚೇರಿಯದೇ.

ಕರ್ನಾಟಕದ ನಿಯಮಗಳಂತೆ ಅರ್ಜಿ ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಆದ್ದರಿಂದ ‘ಇಂದಿರಾ ಗಾಂಧಿ ಅವರ ಮೇಲಿನ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಪ್ರಯೋಜನವಿಲ್ಲ. ಇಂತಿಷ್ಟು ದಿನಾಂಕದಿಂದ ಇಂತಿಷ್ಟು ದಿನಾಂಕದವರೆಗೆ, ಇಂಥ ಠಾಣೆ ಅಥವಾ ಕಚೇರಿಯಿಂದ ಹೊರಟ ವಾರದ ಗೋಪ್ಯ ವರದಿಗಳು ಎಂದು ನಿರ್ದಿಷ್ಟವಾಗಿ ಕೇಳಬೇಕು. ಕಡತ ನಾಶವಾಗಿದೆ ಎಂಬ ಉತ್ತರ ಬರಬಹುದೆಂದು ಎಣಿಸಿ, ಹಳೆಯ ದಾಖಲೆಗಳ ಪಟ್ಟಿ, ನಾಶಪಡಿಸಿದ ದಾಖಲೆಗಳ ವಹಿ ಮತ್ತು ಅದಕ್ಕೆ ಅಪ್ಪಣೆ ಕೊಟ್ಟ ಆದೇಶದ ಪ್ರತಿಯನ್ನು ಮೊದಲ ಅರ್ಜಿಯಲ್ಲೇ ಕೇಳುವುದು ಜಾಣತನ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ನಿರಾಕರಣೆ ಬಂದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಫಲ ಸಿಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು.

‘ಗೋಪ್ಯ’ ಎಂಬ ಮೊಹರು ಇದ್ದಮಾತ್ರಕ್ಕೆ ಕಡತ ಕೊಡಲಾಗದು ಎಂಬ ವಾದವೂ ಸಲ್ಲದು. 1923ರ ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿ ಏನೇ ಇದ್ದರೂ ತನ್ನದೇ ಮಾತು ನಡೆಯಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ‘ಕಡತ ಸಿಗುತ್ತಿಲ್ಲ’ ಎಂಬ ಇನ್ನೊಂದು ಹಳೆಯ ಉತ್ತರದ ಬಗ್ಗೆ ದೆಹಲಿ ಹೈಕೋರ್ಟ್ 2013ರಲ್ಲಿ ಸ್ಪಷ್ಟ ಮಾತು ಹೇಳಿದೆ. ಒಮ್ಮೆ ಇಲಾಖೆಯ ಬಳಿ ಇದ್ದ ಕಡತ ಕಾಣದಾದರೆ ಕೂಲಂಕಷವಾಗಿ ಹುಡುಕಬೇಕು. ಸಿಗದಿದ್ದರೆ ಹೊಣೆ ಯಾರದೆಂದು ನಿಗದಿಪಡಿಸಬೇಕು.

ಉಳಿಯದ ದಾಖಲೆ

ಇಡೀ ವಿಷಯದ ವಿಪರ್ಯಾಸ ಇರುವುದು ಇಲ್ಲಿ. ದೂರವಾಣಿ ಕದ್ದಾಲಿಕೆಗೆ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಕಡಿವಾಣ ಹಾಕಿತು. ಅದರ ಆಧಾರದ ಮೇಲೆ 2007ರಲ್ಲಿ ಟೆಲಿಗ್ರಾಫ್ ನಿಯಮಗಳಿಗೆ ಸೇರಿದ 419-ಎ ನಿಯಮ, ಅಗತ್ಯವಿಲ್ಲದ ಕದ್ದಾಲಿಕೆ ದಾಖಲೆಗಳನ್ನು 6 ತಿಂಗಳಿಗೊಮ್ಮೆ ನಾಶಪಡಿಸಲು ಹೇಳಿತು. 2023ರ ದೂರಸಂಪರ್ಕ ಕಾಯ್ದೆಯಡಿ 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳು ಬಂದರೂ ಈ ಪದ್ಧತಿ ಮುಂದುವರಿದಿದೆ. ನಾಗರಿಕನ ಖಾಸಗಿತನ ಕಾಪಾಡಲು ಮಾಡಿದ ಈ ನಿಯಮವೇ ಕದ್ದಾಲಿಕೆಯ ದುರುಪಯೋಗಕ್ಕೆ ಸಾಕ್ಷಿ ಉಳಿಯದಂತೆಯೂ ಮಾಡುತ್ತದೆ. ಕಾನೂನುಬಾಹಿರವಾಗಿ ಯಾರದೋ ಮಾತು ಕದ್ದು ಕೇಳಿದವರಿಗೂ 6 ತಿಂಗಳ ನಂತರ ಅದೇ ನಿಯಮ ಆಸರೆ. 2024ರಲ್ಲಿ ದೆಹಲಿ ಹೈಕೋರ್ಟ್ ತನ್ನದೇ ದೂರವಾಣಿಯ ಮೇಲಿನ ನಿಗಾ ವಿವರ ಕೇಳಿದ್ದ ಅರ್ಜಿದಾರರೊಬ್ಬರಿಗೆ ಭದ್ರತೆಯ ಕಲಮಿನಡಿ ಮಾಹಿತಿ ನಿರಾಕರಿಸಬಹುದೆಂದಿತು. ಬದುಕಿದ್ದಾಗ ಕೇಳಿದರೆ ಭದ್ರತೆಯ ಅಡ್ಡಿ, ಸತ್ತ ಮೇಲೆ ಕೇಳಿದರೆ ದಾಖಲೆಯೇ ಇಲ್ಲ ಎಂಬ ಸ್ಥಿತಿ ಇದು. ಇಂದಿನ ನಾಯಕರ ಮೇಲಿನ ನಿಗಾದ ಬಗ್ಗೆ ನಾಳಿನ ಸಂಶೋಧಕನಿಗೆ 1978ರಷ್ಟು ಕಾಗದವೂ ಸಿಗಲಾರದು.

ಹಳೆಯ ಕಾಗದಕ್ಕೂ ರಕ್ಷಣೆ ಸಾಲದು. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ ನಿಯಮ ಮೀರಿ ದಾಖಲೆ ನಾಶಪಡಿಸುವುದು ಅಪರಾಧ. 5 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಆದರೂ ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗದ ವರದಿಯಂಥ ಅಚ್ಚಾದ ದಾಖಲೆಯೇ ದೇಶದಲ್ಲಿ ದುರ್ಲಭವಾಗಿ, 2010ರಲ್ಲಿ ಇರಾ ಸೆಳಿಯನ್ ಅವರು ಅದನ್ನು ಮರುಪ್ರಕಟಿಸಬೇಕಾಯಿತು. ಅಚ್ಚಾದ ವರದಿಯ ಗತಿ ಇದಾದರೆ ತಾಲ್ಲೂಕು ಕಚೇರಿಯ ಅಟ್ಟದ ಮೇಲಿನ ಕಟ್ಟುಗಳ ಗತಿ ಊಹಿಸಬಹುದು. ಗೆದ್ದಲು, ಮಳೆ ನೀರು ಮತ್ತು ಕಚೇರಿ ಸ್ಥಳಾಂತರ ಯಾವ ಆದೇಶಕ್ಕೂ ಕಾಯುವುದಿಲ್ಲ.

ಹೆಸರುಗಳ ಪ್ರಶ್ನೆ

ಕಡತ ತೆರೆಯಬೇಕೆನ್ನುವವರು ಎದುರಿಸಲೇಬೇಕಾದ ಒಂದು ನೈತಿಕ ಪ್ರಶ್ನೆ ಉಳಿದಿದೆ. ನಿಗಾ ಕಡತದಲ್ಲಿ ನಾಯಕರ ಹೆಸರಿನ ಜೊತೆ ಊರಿನ ಸಾಮಾನ್ಯರ ಹೆಸರೂ ಇರುತ್ತದೆ. ಸಭೆಗೆ ಜೀಪು ಕೊಟ್ಟವನು, ರಾತ್ರಿ ಊಟ ಹಾಕಿದ ಮನೆ, ಇವರ ಬಗ್ಗೆ ಪೊಲೀಸರಿಗೆ ಸುದ್ದಿ ಮುಟ್ಟಿಸಿದ ನೆರೆಮನೆಯಾತ, ಎಲ್ಲರೂ ಅಲ್ಲಿರುತ್ತಾರೆ. ಎಲ್ಲರೂ ಎಲ್ಲರನ್ನೂ ಬಲ್ಲ ಅಜ್ಜಂಪುರದಂಥ ಊರಿನಲ್ಲಿ ಬಾತ್ಮೀದಾರನ ಹೆಸರು ಹೊರಬಿದ್ದರೆ ಮೂರನೇ ತಲೆಮಾರಿನ ಮೊಮ್ಮಗ ತಲೆ ತಗ್ಗಿಸಬೇಕಾಗಬಹುದು. ಬಾತ್ಮೀದಾರ ಬರೆಸಿದ್ದೆಲ್ಲ ನಿಜವೆಂದೂ ಅಲ್ಲ. ಹಗೆ ಸಾಧಿಸಲು ಹೇಳಿದ ಸುಳ್ಳು, ಮೇಲಧಿಕಾರಿಯನ್ನು ಮೆಚ್ಚಿಸಲು ಸೇರಿಸಿದ ಉಪ್ಪುಖಾರ ಇಂಥ ವರದಿಗಳಲ್ಲಿ ಸಾಮಾನ್ಯ. 20 ವರ್ಷದ ನಂತರ ಬಾತ್ಮೀದಾರರ ರಕ್ಷಣೆಯ ಕಲಮು ಕಾನೂನಿನ ಅಕ್ಷರದಲ್ಲಿ ಅನ್ವಯಿಸದಿದ್ದರೂ, ಖಾಸಗಿ ವ್ಯಕ್ತಿಗಳ ಹೆಸರಿಗೆ ಮಸಿ ಬಳಿದು ಉಳಿದುದನ್ನು ಕೊಡಿ ಎಂದು ಅರ್ಜಿದಾರನೇ ಕೇಳುವುದು ಸರಿಯಾದ ದಾರಿ. ದಾಖಲೆಯ ಒಂದು ಭಾಗವನ್ನು ಬೇರ್ಪಡಿಸಿ ಕೊಡಲು ಕಾಯ್ದೆಯ 10ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ತಿಳಿಯಬೇಕಾದದ್ದು ನೆರೆಮನೆಯಾತನ ಹೆಸರನ್ನಲ್ಲ. ನಿಗಾಕ್ಕೆ ಆದೇಶ ಕೊಟ್ಟವರು ಯಾರು, ಯಾವ ಕಾರಣಕ್ಕೆ, ಆ ಮಾಹಿತಿ ಯಾರ ಮೇಜಿಗೆ ಹೋಯಿತು ಎಂಬುದನ್ನು.

ಇದು ಕೇವಲ ಇತಿಹಾಸಾಸಕ್ತರ ಕುತೂಹಲದ ಮಾತೂ ಅಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿತರಾದ ಕಲಾವಿದೆ ಸ್ನೇಹಲತಾ ರೆಡ್ಡಿ ತೀವ್ರ ಆಸ್ತಮಾದ ನಡುವೆ ಬೆಂಗಳೂರು ಸೆರೆಮನೆಯಲ್ಲಿ ಎಂಟು ತಿಂಗಳು ಕಳೆದರು. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಕೊನೆಯುಸಿರೆಳೆದರು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವರನ್ನು ಸೆರೆಮನೆಗೆ ಕಳುಹಿಸಿದ್ದು ಯಾವ ಬೇಹುಗಾರಿಕೆಯ ವರದಿ, ಅದರಲ್ಲಿ ಏನು ಬರೆದಿತ್ತು ಎಂದು ಕೇಳುವ ಅರ್ಜಿ ಮಾನವ ಹಕ್ಕಿನ ಅರ್ಜಿ. ಅಂಥ ಅರ್ಜಿಗೆ 24ನೇ ಸೆಕ್ಷನ್ನಿನ ಗೋಡೆ ಕೂಡ ದಾರಿ ಬಿಡಬೇಕಾಗುತ್ತದೆ.

ರಾಜ್ಯ ಸರ್ಕಾರಕ್ಕೆ ಇಲ್ಲಿ ದೊಡ್ಡ ವೆಚ್ಚದ ಕೆಲಸವೇನಿಲ್ಲ. 25 ವರ್ಷ ದಾಟಿದ ಗೋಪ್ಯ ಶಾಖೆಯ ಕಡತಗಳನ್ನು ಜಿಲ್ಲಾವಾರು ಪಟ್ಟಿ ಮಾಡಿ, ಪರಿಶೀಲಿಸಿ, ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಒಪ್ಪಿಸುವ ಒಂದು ಆದೇಶ ಸಾಕು. ಅಲ್ಲಿಯವರೆಗೆ ನಾಗರಿಕನ ಕೈಯಲ್ಲಿರುವುದು 10 ರೂಪಾಯಿ ಶುಲ್ಕ ಮತ್ತು 150 ಪದಗಳ ಅರ್ಜಿ. 1978ರಲ್ಲಿ ಕಡೂರು, ತರೀಕೆರೆಯ ಮತದಾರರು ದೇಶವೇ ಬೆರಗಾಗುವಂಥ ತೀರ್ಪು ಕೊಟ್ಟರು. ಆ ತೀರ್ಪಿನ ದಿನಗಳಲ್ಲಿ ತಮ್ಮ ಬಗ್ಗೆ ಸರ್ಕಾರ ಏನು ಬರೆದಿಟ್ಟುಕೊಂಡಿತ್ತು ಎಂದು ಕೇಳುವ ಹಕ್ಕು ಅವರ ಮಕ್ಕಳು, ಮೊಮ್ಮಕ್ಕಳಿಗಿದೆ. ಕೇಳುವುದು ತಡವಾದಷ್ಟೂ ಕೊಡಲು ಉಳಿದಿರುವ ಕಾಗದ ಕಡಿಮೆಯಾಗುತ್ತದೆ.